ಎಡದಿಂದ ನುಗ್ಗುವವರು, ಬಲ ಬಿಡದವರು

ವಿಮೆ ಪರಿಹಾರ ಕೇಳಿ ಬರುವ ಅರ್ಜಿಗಳನ್ನು ನಂಬುವುದಾದರೆ, ಚಿತ್ರದುರ್ಗ ಮತ್ತು ದಾವಣಗೆರೆ ನಡುವಿನ ಹೆದ್ದಾರಿಯಲ್ಲಿ ಗಾಡಿಗಳಿಗಿಂತ ನಾಯಿಗಳೇ ಹೆಚ್ಚು. 'ನಾಯಿ ಅಡ್ಡ ಬಂದ ಕಾರಣ ಬ್ರೇಕ್ ಹಾಕಿದ್ದು' ಎಂದು ಶುರುವಾಗುವ ವಾಕ್ಯ ನನಗೆ ಬಾಯಿಪಾಠವಾಗಿದೆ. ನಾಯಿ ಇಲ್ಲದಿದ್ದರೆ ಎಮ್ಮೆ ಕರು, ಅದೂ ಇಲ್ಲದಿದ್ದರೆ ಮುಂದಿನ ಗಾಡಿಯವನು. ಮುಂದಿನ ಗಾಡಿಯವನು ಯಾವಾಗಲೂ 'ಏಕಾಏಕಿ' ಬ್ರೇಕ್ ಹಾಕಿರುತ್ತಾನೆ. ಅವನ ಹಿಂದೆ ನಾನು ಎಷ್ಟು ಹತ್ತಿರದಲ್ಲಿದ್ದೆ ಎಂದು ಬರೆದುಕೊಟ್ಟ ಪುಣ್ಯಾತ್ಮ ಇನ್ನೂ ಸಿಕ್ಕಿಲ್ಲ.

ನಾನು ವಾಹನ ವಿಮೆಯ ಸರ್ವೇಯರ್. ಗುದ್ದಿದ ಅಥವಾ ಗುದ್ದಿಸಿಕೊಂಡ ಗಾಡಿ ಗ್ಯಾರೇಜಿಗೆ ಬಂದ ಮೇಲೆ ಹೋಗಿ, ಫೋಟೊ ತೆಗೆದು, ಯಾವ ಭಾಗ ರಿಪೇರಿ, ಯಾವುದು ಬದಲಾವಣೆ ಎಂದು ವರದಿ ಬರೆಯುತ್ತೇನೆ. ಮನೆ ದಾವಣಗೆರೆಯಲ್ಲಿ. ಗ್ಯಾರೇಜುಗಳು ಹರಿಹರದಿಂದ ಹಿರಿಯೂರಿನವರೆಗೆ ಹರಡಿಕೊಂಡಿವೆ. ಹಾಗಾಗಿ ಹೆದ್ದಾರಿಯಲ್ಲಿ ಎಲ್ಲರಂತೆ ಬೈದುಕೊಂಡು ಹೋಗುತ್ತೇನೆ, ಆಮೇಲೆ ಬೈಸಿಕೊಂಡವರ ಗಾಡಿಗಳನ್ನೂ ಬೈದವರ ಗಾಡಿಗಳನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡುತ್ತೇನೆ. ಅರ್ಜಿಯಲ್ಲಿ ನಾಯಿ ಇದ್ದರೂ ತಗಡಿನ ಮೇಲೆ ಲಾರಿಯ ಬಣ್ಣ ಇರುತ್ತದೆ.

ಈ ದಾರಿಯ ಕಾರುಗಳಲ್ಲಿ ಪದೇ ಪದೇ ಕಾಣುವ ಗಾಯಗಳು ಎರಡು. ಒಂದು, ಬಲಗಡೆಯ ಬಾಗಿಲುಗಳ ಮೇಲೆ ಕಮಾನಿನಂತೆ ಬಾಗಿದ ಗೆರೆಗಳು. ಒಂದರ ಪಕ್ಕ ಒಂದು, ನಡುವೆ ಹೆಚ್ಚುಕಡಿಮೆ ಒಂದೇ ಅಂತರ. ತಿರುಗುತ್ತಿರುವ ಲಾರಿ ಚಕ್ರದ ನಟ್ಟುಗಳು ತಗಡನ್ನು ಕೊರೆದಾಗ ಹಾಗಾಗುತ್ತದೆ. ಟಿಂಕರಿಂಗ್ ಹುಡುಗರು ಅದರ ಮೇಲೆ ಬೆರಳಾಡಿಸಿ, ನಾನು ಕೇಳುವ ಮೊದಲೇ 'ಎಡಗಡೆಯಿಂದ ಹೋಗಿದ್ದಾರೆ ಸರ್' ಎನ್ನುತ್ತಾರೆ. ಇನ್ನೊಂದು, ಎಡ ಹೆಡ್‌ಲೈಟಿನಿಂದ ಶುರುವಾಗಿ ಮಡ್‌ಗಾರ್ಡನ್ನು ಸೀಳಿಕೊಂಡು ಬಾಗಿಲಿನವರೆಗೆ ಹೋದದ್ದು. ಲಾರಿಯನ್ನು ಎಡದಿಂದ ದಾಟಲು ನುಗ್ಗಿದವನಿಗೆ ಮುಂದೆ ನಿಂತ ಟ್ರ್ಯಾಕ್ಟರ್ ಕಂಡಿದೆ, ಸ್ಟೇರಿಂಗನ್ನು ಬಲಕ್ಕೆ ಎಳೆದಿದ್ದಾನೆ, ಕಾರಿನ ಬಲ ಅರ್ಧ ಉಳಿದುಕೊಂಡಿದೆ.

ಎರಡಕ್ಕೂ ಮೂಲ ಬಲ ಪಥ ಹಿಡಿದು ಕದಲದ ಲಾರಿ. ನಮ್ಮ ಹೆದ್ದಾರಿಯಲ್ಲಿ ಕಾರಿನವರು ಅತಿ ಹೆಚ್ಚು ಬೈಯುವುದೂ ಅದನ್ನೇ. ಎಡದಲ್ಲಿ ಸಾಗಬೇಕು, ಬಲದಿಂದ ಹಿಂದಿಕ್ಕಬೇಕು ಎನ್ನುವುದು 1989ರ ರಸ್ತೆ ನಿಯಮಾವಳಿಯಲ್ಲಿತ್ತು, ಅದರ ಜಾಗಕ್ಕೆ ಬಂದ 2017ರ ಚಾಲನಾ ನಿಯಮಾವಳಿಯಲ್ಲೂ ಇದೆ. ಆದರೂ ಲೋಡ್ ಹೊತ್ತ ಲಾರಿ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಡಿವೈಡರ್‌ಗೆ ಒರಗಿಕೊಂಡಂತೆ ಹೋಗುತ್ತಿರುತ್ತದೆ. ಎಡ ಪಥ ಖಾಲಿ ಹೊಡೆಯುತ್ತಿರುತ್ತದೆ. ಹಾರ್ನ್ ಬಡಿದರೂ, ಲೈಟ್ ಹಾಕಿದರೂ ಅಷ್ಟೆ.

ಚಿತ್ರದುರ್ಗದ ಗ್ಯಾರೇಜೊಂದರಲ್ಲಿ ಕ್ಯಾಬಿನ್ ರಿಪೇರಿಗೆ ಬಂದಿದ್ದ ಲಾರಿಯೊಂದರ ಚಾಲಕರನ್ನು ಈ ಬಗ್ಗೆ ನೇರವಾಗಿ ಕೇಳಿದ್ದೆ. ಚಳ್ಳಕೆರೆ ಕಡೆಯವರು, ವಯಸ್ಸು ಐವತ್ತರ ಆಸುಪಾಸು. ವರದಿ ಬರೆಯುವವನು ನಾನೇ ಎಂದು ಗೊತ್ತಿದ್ದರಿಂದ ಮೊದಲು ಮಾತು ತೂಗಿ ಆಡಿದರು. ಚಹಾ ಬಂದ ಮೇಲೆ ಸ್ವಲ್ಪ ಸಡಿಲವಾದರು.

'ಎಡಗಡೆ ಖಾಲಿ ಇದೆ ಎಂದು ನಿಮಗೆ ಕಾಣಿಸುತ್ತದೆ ಸರ್. ನಿಮಗೆ ಕಾಣಿಸುವುದು ನೂರು ಮಾರು. ನಾನು ಎತ್ತರದಲ್ಲಿ ಕುಳಿತಿರುತ್ತೇನೆ, ನನಗೆ ಅರ್ಧ ಕಿಲೋಮೀಟರ್ ಕಾಣುತ್ತದೆ. ಅಲ್ಲೊಂದು ಲಾರಿ ಪಂಕ್ಚರ್ ಆಗಿ ನಿಂತಿರುತ್ತದೆ. ಅದರ ಆಚೆ ಒಬ್ಬರು ಬೈಕಿನಲ್ಲಿ ಎದುರಿಗೇ ಬರುತ್ತಿರುತ್ತಾರೆ. ಊರಿನ ರಸ್ತೆಯಿಂದ ಟ್ರ್ಯಾಕ್ಟರ್ ತಿರುಗಿಕೊಳ್ಳುತ್ತಿರುತ್ತದೆ. ಇಪ್ಪತ್ತೈದು ಟನ್ ಇಟ್ಟುಕೊಂಡು ಪ್ರತಿಯೊಬ್ಬರಿಗೂ ಬ್ರೇಕ್ ಹಾಕಿ, ಗೇರ್ ಇಳಿಸಿ, ಮತ್ತೆ ವೇಗ ಹಿಡಿಯುವ ಹೊತ್ತಿಗೆ ಡೀಸೆಲ್ ಲೆಕ್ಕ ಎಲ್ಲಿಗೆ ಹೋಗುತ್ತದೆ? ಮಾಲೀಕರು ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಬರೆದುಕೊಂಡು ಕೂತಿರುತ್ತಾರೆ.'

ಇಷ್ಟನ್ನು ನಾನು ಊಹಿಸಿದ್ದೆ. ಆಮೇಲೆ ಅವರು ಹೇಳಿದ್ದು ನನಗೆ ಹೊಳೆದಿರಲಿಲ್ಲ. 'ಮೊದಲು ನನ್ನ ಎಡಗಡೆ ಒಬ್ಬ ಹುಡುಗ ಇರುತ್ತಿದ್ದ ಸರ್.'

ಕ್ಲೀನರ್. ಎಡಗಡೆಯ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಬಾಗಿಲ ತಗಡನ್ನು ಅಂಗೈಯಿಂದ ಬಡಿಯುತ್ತಾ 'ಬರಲಿ, ಬರಲಿ' ಎನ್ನುತ್ತಿದ್ದ ಹುಡುಗ. ಒಂದು ಬಡಿತಕ್ಕೆ ನಿಲ್ಲು, ಎರಡು ಬಡಿತಕ್ಕೆ ಹೋಗು. ಹಿಂದಿನಿಂದ ಬರುವವರಿಗೆ ಕೈ ಬೀಸಿ ದಾರಿ ಕೊಡುತ್ತಿದ್ದವನೂ ಅವನೇ, ತಡೆಯುತ್ತಿದ್ದವನೂ ಅವನೇ. ಚಾಲಕ ಕೂರುವುದು ಬಲಕ್ಕೆ. ಉದ್ದನೆಯ ಲಾರಿಯ ಎಡ ಬದಿಯಲ್ಲಿ ಏನಿದೆ ಎಂದು ಅವನಿಗೆ ಹೇಳುತ್ತಿದ್ದದ್ದು ಆ ಹುಡುಗನ ಕಣ್ಣು. ಈಗ ಎಷ್ಟೋ ಲಾರಿಗಳಲ್ಲಿ ಚಾಲಕ ಒಬ್ಬನೇ. ಕ್ಲೀನರ್ ಕೆಲಸಕ್ಕೆ ಹುಡುಗರು ಸಿಗುವುದಿಲ್ಲ, ಸಿಕ್ಕರೆ ಸಂಬಳ ಗಿಟ್ಟುವುದಿಲ್ಲ. ಉಳಿದಿರುವುದು ಎಡಗಡೆಯ ಕನ್ನಡಿ, ಅದರಲ್ಲಿ ಕಾಣದಿರುವ ಜಾಗ ಒಂದು ಕಾರು ಹಿಡಿಸುವಷ್ಟು ದೊಡ್ಡದು. ಆ ಜಾಗಕ್ಕೇ ನಮ್ಮ ಕಾರಿನವರು ನುಗ್ಗುವುದು. 'ಡಿವೈಡರ್ ಪಕ್ಕ ಹೋದರೆ ಬಲಗಡೆಯಿಂದ ಯಾರೂ ಬರುವುದಿಲ್ಲ. ಒಂದು ಕಡೆಯ ಚಿಂತೆ ಬಿಟ್ಟಿತಲ್ಲ' ಎಂದರು.

ಬಲ ಪಥ ಹಿಡಿಯುವುದು ಸರಿ ಎಂದು ನಾನು ಹೇಳುತ್ತಿಲ್ಲ. ಲಾರಿಯವರು ಬುದ್ಧಿ ಇಲ್ಲದೆ ಹಾಗೆ ಮಾಡುತ್ತಾರೆ ಎನ್ನುವವರ ಮಾತನ್ನು ಮಾತ್ರ ಒಪ್ಪಲಾರೆ. ಇರುವ ರಸ್ತೆಯನ್ನು ನೋಡಿ ಲೆಕ್ಕ ಹಾಕಿಯೇ ಅವರು ಅಲ್ಲಿರುವುದು.

ಇನ್ನು ಲಾರಿ ಲಾರಿಯನ್ನೇ ಹಿಂದಿಕ್ಕುವ ದೃಶ್ಯ. ಇದು ತಾಳ್ಮೆಯ ಪರೀಕ್ಷೆ ಎನ್ನುವುದು ನಿಜ, ಆದರೆ ಮೊದಲು ಗಣಿತ. ಅರವತ್ತರಲ್ಲಿ ಹೋಗುವ ಲಾರಿಯನ್ನು ಅರವತ್ತೆರಡರಲ್ಲಿ ಹೋಗುವ ಲಾರಿ ದಾಟಬೇಕು. ಎರಡರ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲಾ ಸೇರಿ ಅರವತ್ತು ಮೀಟರ್ ಹೆಚ್ಚು ಕ್ರಮಿಸಬೇಕು ಎಂದುಕೊಳ್ಳಿ. ಗಂಟೆಗೆ ಎರಡು ಕಿಲೋಮೀಟರ್ ಎಂದರೆ ಸೆಕೆಂಡಿಗೆ ಅರ್ಧ ಮೀಟರಿಗಿಂತ ತುಸು ಹೆಚ್ಚು. ಅಂದರೆ ಸುಮಾರು 108 ಸೆಕೆಂಡು ಬೇಕು, ಅಷ್ಟರಲ್ಲಿ ರಸ್ತೆ ಹೆಚ್ಚುಕಡಿಮೆ 1.9 ಕಿಲೋಮೀಟರ್ ಮುಗಿದಿರುತ್ತದೆ. ಅಷ್ಟು ದೂರವೂ ಎರಡು ಪಥಗಳು ಬಂದ್. ವೇಗ ನಿಯಂತ್ರಕ ಬಂದ ಮೇಲೆ ಸರಕು ಲಾರಿಗಳಿಗೆ ಎಂಬತ್ತರ ಮಿತಿ ಇದೆ. ಹಿಂದಿಕ್ಕುವ ಹೊತ್ತಿಗೆ ಸ್ವಲ್ಪ ಒತ್ತಿ ದಾಟೋಣ ಎಂದರೂ ಅದಕ್ಕಿಂತ ಮೇಲೆ ಹೋಗದು. ಹಿಂದಿರುವ ಕಾರಿನವನಿಗೆ ಆ ಎರಡು ನಿಮಿಷ ಅರ್ಧ ಗಂಟೆಯಾಗುತ್ತದೆ. ಮೂರನೆಯ ಲಾರಿಯ ಚಾಲಕ ಮಾತ್ರ ಬೀಡಿ ಹಚ್ಚಿಕೊಂಡು ಕಾಯುತ್ತಾನೆ.

ಹೊರಗಿನವರಿಗೆ ಇದು ರಾಷ್ಟ್ರೀಯ ಹೆದ್ದಾರಿ 48. 2010ರಲ್ಲಿ ಸಂಖ್ಯೆಗಳನ್ನು ಬದಲಾಯಿಸುವ ಮೊದಲು ಹೆದ್ದಾರಿ 4 ಆಗಿತ್ತು. ದಾವಣಗೆರೆಯ ಒಳಗಿನ ಪಿ.ಬಿ. ರಸ್ತೆ, ಅಂದರೆ ಪೂನಾ–ಬೆಂಗಳೂರು ರಸ್ತೆ, ಒಂದು ಕಾಲದಲ್ಲಿ ಹೆದ್ದಾರಿಯೇ. ಸುವರ್ಣ ಚತುಷ್ಪಥ ಬಂದು ಬೈಪಾಸ್ ಆದಾಗ ರಸ್ತೆ ಊರ ಹೊರಗೆ ಹೋಯಿತು. ಚಾಲನೆಯ ನಡವಳಿಕೆ ಮಾತ್ರ ಆ ಎರಡು ಪಥದ ಹಳೆಯ ರಸ್ತೆಯದ್ದೇ ಉಳಿಯಿತು ಎನ್ನುವುದು ನನ್ನ ವಾದ. ನಮ್ಮ ತಲೆಮಾರಿನ ಚಾಲಕರೆಲ್ಲ ಗಾಡಿ ಕಲಿತದ್ದು ಎದುರಿನಿಂದ ಬರುವವನ ಕಣ್ಣಲ್ಲಿ ಕಣ್ಣಿಟ್ಟು ಹೋಗುವ ರಸ್ತೆಯಲ್ಲಿ. ಅಲ್ಲಿ ಡಿಪ್ಪರ್ ಹೊಡೆಯುವುದಕ್ಕೆ ಅರ್ಥ ಇತ್ತು: ಕಿರಿದಾದ ಸೇತುವೆಗೆ ಯಾರು ಮೊದಲು ಲೈಟ್ ಹಾಕುತ್ತಾರೋ ಅವರು ಮೊದಲು. 'ನಾನು ಬರುತ್ತಿದ್ದೇನೆ, ನೀನು ತಡೆ.' ಬ್ರಿಟನ್‌ನಲ್ಲಿ ಗಾಡಿ ಓಡಿಸಿ ಬಂದ ಸ್ನೇಹಿತರೊಬ್ಬರು ಹೇಳುವ ಪ್ರಕಾರ ಅಲ್ಲಿ ಲೈಟ್ ಹಾಕಿದರೆ 'ನೀವು ಹೋಗಿ, ನಾನು ನಿಲ್ಲುತ್ತೇನೆ' ಎಂದು ಜನ ತಿಳಿಯುತ್ತಾರಂತೆ. ಅವರು ಊರಿಗೆ ಬಂದ ಹೊಸದರಲ್ಲಿ ಹರಿಹರದ ಹತ್ತಿರ ಎದುರಿನ ಬಸ್ಸು ಲೈಟ್ ಹಾಕಿದ್ದನ್ನು ಸೌಜನ್ಯ ಎಂದುಕೊಂಡು ಮುಂದೆ ಹೋಗಿದ್ದರು. ಆ ಕಾರಿನ ವರದಿ ಬರೆದವನು ನಾನಲ್ಲ, ಪುಣ್ಯ.

ಡಿವೈಡರ್ ಬಂದ ಮೇಲೆ ಎದುರಿನವನೇ ಇಲ್ಲ. ಹೊಡೆಯುವ ಲೈಟು ಈಗ ಮುಂದಿನವನ ಬೆನ್ನಿಗೆ. ಇಂಡಿಕೇಟರಿನ ಕಥೆ ಇನ್ನೂ ವಿಚಿತ್ರ. ಹಳೆಯ ಲಾರಿ ಚಾಲಕರಲ್ಲಿ ಕೆಲವರು ಎಡ ಇಂಡಿಕೇಟರ್ ಹಾಕಿದರೆ 'ದಾರಿ ಖಾಲಿ ಇದೆ, ದಾಟಿ' ಎಂದರ್ಥ. ಕೆಲವರು ಅದನ್ನೇ ಬಲ ಇಂಡಿಕೇಟರ್ ಹಾಕಿ ಹೇಳುತ್ತಾರೆ, 'ಬಲಗಡೆಯಿಂದ ಬನ್ನಿ' ಎಂದು. ಚಾಲನಾ ಶಾಲೆಯಲ್ಲಿ ಕಲಿತ ಹುಡುಗನಿಗೆ ಬಲ ಇಂಡಿಕೇಟರ್ ಎಂದರೆ ಲಾರಿ ಬಲಕ್ಕೆ ತಿರುಗುತ್ತದೆ ಎಂದು, ಅಷ್ಟೇ. ಒಂದೇ ಬಲ್ಬಿಗೆ ಮೂರು ಅರ್ಥ. ಇದರ ಮೇಲೆ ಮಳೆ ಬಂದರೆ ನಾಲ್ಕೂ ದೀಪಗಳನ್ನು ಮಿಣುಕಿಸುತ್ತಾ ಓಡುವವರು ಬೇರೆ. ಅವರು ನಿಂತಿದ್ದಾರೋ, ಹೋಗುತ್ತಿದ್ದಾರೋ, ಪಥ ಬದಲಿಸುತ್ತಾರೋ, ಆ ದೇವರಿಗೇ ಗೊತ್ತು.

ಭರಮಸಾಗರದಿಂದ ಆನಗೋಡಿನವರೆಗಿನ ಪಟ್ಟಿಯಲ್ಲಿ ಸುಗ್ಗಿಯ ಕಾಲಕ್ಕೆ ಹೋಗಿ ನೋಡಬೇಕು. ಸರ್ವೀಸ್ ರಸ್ತೆಯ ಅರ್ಧ ಅಗಲಕ್ಕೆ ಮೆಕ್ಕೆಜೋಳ ಒಣಗಲು ಹರವಿರುತ್ತಾರೆ. ಅಂಚಿಗೆ ಸಾಲಾಗಿ ಕಲ್ಲು. ಹೆಂಗಸರು ಕಾಲಿನಿಂದಲೇ ಗೆರೆ ಎಳೆಯುತ್ತಾ ಕಾಳು ಹೊರಳಿಸುತ್ತಿರುತ್ತಾರೆ. ಸಂಜೆ ರಾಶಿ ಮಾಡಿ ತಾಡಪಾಲು ಮುಚ್ಚಿ ಅದರ ಮೇಲೂ ಕಲ್ಲಿಡುತ್ತಾರೆ; ಕತ್ತಲಲ್ಲಿ ಆ ಕಪ್ಪು ತಾಡಪಾಲು ಯಾರಿಗೂ ಕಾಣುವುದಿಲ್ಲ. ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಎಂದು ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಕಣ ಎಲ್ಲಿದೆ ಎಂದು ಅವರು ಕೇಳುತ್ತಾರೆ, ಆ ಪ್ರಶ್ನೆಗೆ ಉತ್ತರ ಪತ್ರಿಕೆಗಳಲ್ಲಿ ಬರುವುದಿಲ್ಲ. ಸರ್ವೀಸ್ ರಸ್ತೆ ಹೀಗೆ ಮುಚ್ಚಿಹೋದರೆ ಊರಿನ ಬೈಕುಗಳೂ ಟ್ರ್ಯಾಕ್ಟರುಗಳೂ ಮುಖ್ಯ ರಸ್ತೆಗೆ ಬರುತ್ತವೆ, ಅದೂ ಹಿಂದೆ ಕೆಂಪು ದೀಪವಿಲ್ಲದ ಟ್ರೈಲರ್ ಎಳೆದುಕೊಂಡು.

ಎದುರು ದಿಕ್ಕಿನಲ್ಲಿ ಬರುವ ಬೈಕಿನವರನ್ನು ಕಂಡರೆ ಎಲ್ಲರ ರಕ್ತವೂ ಕುದಿಯುತ್ತದೆ, ನನ್ನದೂ. 2019ರ ತಿದ್ದುಪಡಿಯಲ್ಲಿ ವಿರುದ್ಧ ದಿಕ್ಕಿನ ಚಾಲನೆಯನ್ನು ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ಆದರೆ ಮನೆ ರಸ್ತೆಯ ಈಚೆ, ತೋಟ ಆಚೆ ಇರುವವನ ಲೆಕ್ಕವನ್ನೂ ನೋಡಬೇಕು. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವನಿಗೆ ಡೇರಿ ಕಣ್ಣೆದುರೇ ಕಾಣುತ್ತದೆ. ಕೆಳಸೇತುವೆ ಬಳಸಿ ಸರಿಯಾದ ದಿಕ್ಕಿನಲ್ಲಿ ಬರಬೇಕೆಂದರೆ ಎರಡು ಮೂರು ಕಿಲೋಮೀಟರ್ ಸುತ್ತು. ಅವನಪ್ಪ ಅದೇ ಜಾಗವನ್ನು ಎತ್ತಿನ ಗಾಡಿಯಲ್ಲಿ ನೇರವಾಗಿ ದಾಟುತ್ತಿದ್ದ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವವನಿಗೆ ಇದು ಹೆದ್ದಾರಿ, ಅವನಿಗೆ ಊರಿನ ಬೀದಿ. ಅವನು ಸತ್ತರೆ ಸರ್ಕಾರದ ಲೆಕ್ಕದಲ್ಲಿ ಬೇಗ ಕಳೆದುಹೋಗುತ್ತಾನೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಾಲು ನೂರಕ್ಕೆ ಎರಡರಷ್ಟು, ಸಾವಿನಲ್ಲಿ 36. ನನ್ನ ಬಳಿಗೆ ಬರುವುದು ಬದುಕಿದವರ ಕಾರುಗಳು. ಬೈಕುಗಳು ಬಹುಪಾಲು ಪೊಲೀಸ್ ಠಾಣೆಯ ಹಿತ್ತಲಲ್ಲಿ ತುಕ್ಕು ಹಿಡಿಯುತ್ತವೆ.

ಕಾರಣವೇ ಇಲ್ಲದೆ ಕೆಟ್ಟದಾಗಿ ಓಡಿಸುವವರು ಎಂದು ನಾನು ಕರೆಯುವುದು ನನ್ನಂಥವರನ್ನೇ, ಅಂದರೆ ಕಾರಿನವರನ್ನು. ನನ್ನ ಭಾವಮೈದುನ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬರುವಾಗ ಹಿರಿಯೂರಿನಿಂದ ದಾವಣಗೆರೆಗೆ ಎಷ್ಟು ನಿಮಿಷದಲ್ಲಿ ಬಂದೆ ಎಂದು ಹೇಳದಿದ್ದರೆ ಅವನಿಗೆ ಊಟ ಇಳಿಯುವುದಿಲ್ಲ. ಅವನ ಪಕ್ಕ ಕೂತರೆ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಮುಂದಿನ ಕಾರಿಗೂ ಅವನಿಗೂ ನಡುವೆ ಒಂದು ಕಾರಿನಷ್ಟು ಜಾಗ, ಎರಡೂ ನೂರರಲ್ಲಿ. ನೂರು ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಾಲು ಬ್ರೇಕಿಗೆ ಹೋಗುವುದರೊಳಗೇ ಅಷ್ಟು ಮುಗಿದಿರುತ್ತದೆ. 'ಸ್ವಲ್ಪ ಅಂತರ ಬಿಡಪ್ಪ' ಎಂದೆ.

'ಬಿಟ್ಟರೆ ಇನ್ನೊಬ್ಬ ನುಗ್ಗುತ್ತಾನೆ ಭಾವ' ಎಂದ.

ಅದು ಸುಳ್ಳಲ್ಲ. ನಾನು ಓಡಿಸುವಾಗ ಮುಂದೆ ಬಿಟ್ಟ ಜಾಗವನ್ನು ನೋಡಿ ಯಾರಾದರೂ ಬಂದು ತುಂಬುತ್ತಾರೆ. ಅವರಿಗಾಗಿ ಮತ್ತೆ ಹಿಂದೆ ಸರಿಯುತ್ತೇನೆ, ಮತ್ತೊಬ್ಬರು ಬರುತ್ತಾರೆ. ಹೀಗೆ ಹಿಂದೆ ಸರಿಯುತ್ತಾ ಹೋದರೆ ಚಿತ್ರದುರ್ಗಕ್ಕೇ ವಾಪಸು ಹೋಗಬೇಕಾಗುತ್ತದೆ ಎಂದು ಅವನು ನಗುತ್ತಾನೆ. ಲೆಕ್ಕ ಹಾಕಿದರೆ ಹಾಗಿಲ್ಲ. ಚಿತ್ರದುರ್ಗ–ದಾವಣಗೆರೆ ಸುಮಾರು ಅರವತ್ತು ಕಿಲೋಮೀಟರ್. ನೂರರಲ್ಲಿ ಬಂದರೆ 36 ನಿಮಿಷ, ಎಲ್ಲೂ ಇಳಿಸದೆ ನೂರ ಇಪ್ಪತ್ತರಲ್ಲಿ ಬಂದರೆ 30. ಆ ಆರು ನಿಮಿಷ ಉಳಿಸಿದವನು ಊರಿಗೆ ಬಂದು ಬೆಣ್ಣೆ ದೋಸೆ ಅಂಗಡಿಯ ಮುಂದೆ ಜಾಗಕ್ಕಾಗಿ ಅರ್ಧ ಗಂಟೆ ಸಂತೋಷವಾಗಿ ನಿಲ್ಲುತ್ತಾನೆ.

ಇದೇ ಭಾವಮೈದುನ ನಮ್ಮ ಕೆ.ಎ. 17 ಸಂಖ್ಯೆಯ ಗಾಡಿ ಕಂಡರೆ 'ಹಳ್ಳಿಯವರು' ಎನ್ನುತ್ತಾನೆ. ದಾವಣಗೆರೆಯವರು ಬೆಂಗಳೂರಿನ ಸಂಖ್ಯೆ ಕಂಡರೆ 'ಸೊಕ್ಕು' ಎನ್ನುತ್ತಾರೆ. ದುರ್ಗದ ಗ್ಯಾರೇಜಿನವರಿಗೆ ಹುಬ್ಬಳ್ಳಿ ಕಡೆಯವರ ಮೇಲೆ ಸಿಟ್ಟು, ಎಲ್ಲರೂ ಸೇರಿ ಬೈಯಬೇಕೆಂದರೆ ನಾಮಕ್ಕಲ್ ಲಾರಿ ಇದ್ದೇ ಇದೆ. ಗುದ್ದಿದ ಗಾಡಿಗಳ ಸಾಲಿನಲ್ಲಿ ನಿಂತು ನೋಡಿದರೆ ಎಲ್ಲಾ ಜಿಲ್ಲೆಗಳಿಗೂ ಸಮಾನ ಪ್ರಾತಿನಿಧ್ಯ ಇರುತ್ತದೆ. ಹೆಬ್ಬಾಳು ಟೋಲಿನಲ್ಲಂತೂ ಊರಿನ ಭೇದವೇ ಉಳಿಯುವುದಿಲ್ಲ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಚಿಲ್ಲರೆಯ ಜಗಳ ಹೋಯಿತು. ಪಕ್ಕದ ಸಾಲು ಬೇಗ ಹೋಗುತ್ತಿದೆ ಎಂಬ ಸಂಕಟ ಹೋಗಲಿಲ್ಲ. ಕೊನೆಯ ಹತ್ತು ಮೀಟರಿನಲ್ಲಿ ಮೂರು ಸಾಲು ಅಡ್ಡಹಾಯುವವರು ಇಂದಿಗೂ ಇದ್ದಾರೆ.

ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಬಗ್ಗೆಯೂ ಒಂದು ಮಾತು. ಆ ಬಯಲಿನಲ್ಲಿ ಅಡ್ಡಗಾಳಿ ಜೋರು, ಕಂಟೇನರ್ ಲಾರಿಯ ಮರೆಯಿಂದ ಕಾರು ಹೊರಬಂದ ಕ್ಷಣದಲ್ಲಿ ಪಕ್ಕಕ್ಕೆ ತಳ್ಳಿದಂತಾಗುತ್ತದೆ. ಇದೇ ಜಾಗದಲ್ಲಿ ರಸ್ತೆ ಬದಿಗೆ ಕಾರು ನಿಲ್ಲಿಸಿ, ಬಲಗಡೆಯ ಬಾಗಿಲು ತೆರೆದಿಟ್ಟು, ರೆಕ್ಕೆ ತಿರುಗುವುದನ್ನು ವೀಡಿಯೊ ಮಾಡುವ ಕುಟುಂಬಗಳನ್ನು ನೋಡಿ ನಾನು ಬೈಯುವುದನ್ನೂ ಬಿಟ್ಟಿದ್ದೇನೆ. ಬಾಗಿಲು ಹೊಸದು ಹಾಕಿಸಲು ಎಷ್ಟಾಗುತ್ತದೆ ಎಂದು ಮಾತ್ರ ಮನಸ್ಸು ತಾನಾಗಿ ಲೆಕ್ಕ ಹಾಕುತ್ತದೆ.

ಆರು ಪಥದ ಕೆಲಸ ಮುಗಿದರೆ ಎಲ್ಲಾ ಸರಿಹೋಗುತ್ತದೆ ಎಂದು ಭಾವಮೈದುನ ನಂಬಿದ್ದಾನೆ. ಅಗಲವಾದ ಭಾಗಗಳಲ್ಲಿ ನಾನು ಈಗಾಗಲೇ ನೋಡಿದ್ದೇನೆ: ಮೂರು ಪಥಗಳಲ್ಲಿ ಮೂರು ಲಾರಿಗಳು ಪಕ್ಕಪಕ್ಕದಲ್ಲಿ. ಎಡ ಪಥ ನಿಜವಾಗಿ ಖಾಲಿಯಾಗದೆ ಬಲ ಪಥವನ್ನು ಯಾರೂ ಬಿಡುವುದಿಲ್ಲ. ಎಡ ಪಥದಲ್ಲಿ ನಿಂತಿರುವುದು ಲಾರಿಗಳೇ, ಅದೂ ಢಾಬಾಗಳ ಮುಂದೆ. ಲಾರಿಗಳಿಗೆಂದೇ ಅಲ್ಲಲ್ಲಿ ರಸ್ತೆ ಪಕ್ಕ ನಿಲುಗಡೆ ತಾಣಗಳನ್ನು ಮಾಡಿದ್ದಾರಲ್ಲ, ಅಲ್ಲಿ ಯಾಕೆ ನಿಲ್ಲಿಸುವುದಿಲ್ಲ ಎಂದು ಚಳ್ಳಕೆರೆಯ ಆ ಚಾಲಕರನ್ನು ಕೇಳಿದ್ದೆ. 'ರಾತ್ರಿ ಅಲ್ಲಿ ನಿಲ್ಲಿಸಿ ಮಲಗಿದರೆ ಬೆಳಿಗ್ಗೆ ಟ್ಯಾಂಕಿನಲ್ಲಿ ಡೀಸೆಲ್ ಇರುವುದಿಲ್ಲ ಸರ್. ಢಾಬಾದಲ್ಲಿ ದೀಪ ಇರುತ್ತದೆ, ನಾಲ್ಕು ಜನ ಇರುತ್ತಾರೆ, ಮುಖ ತೊಳೆಯಲು ನೀರಿರುತ್ತದೆ' ಎಂದರು. ಅವರು ಕೇಳಿದ್ದು ದೀಪ, ನಲ್ಲಿ, ಒಬ್ಬ ಕಾವಲುಗಾರ. ಆಮೇಲೊಮ್ಮೆ ರಸ್ತೆ ಕೆಲಸದ ಎಂಜಿನಿಯರ್ ಒಬ್ಬರು ಸಿಕ್ಕಾಗ ಈ ಮಾತನ್ನು ಹಾಗೆಯೇ ಮುಟ್ಟಿಸಿದೆ. ಒಪ್ಪಿಕೊಂಡು ತಲೆಯಾಡಿಸಿದರು. ದೀಪದ ಕಂಬ ಹಾಕಲು ಬರುತ್ತದೆ, ಕಾವಲುಗಾರನ ಸಂಬಳ ಮಾತ್ರ ಬೇರೆ ಲೆಕ್ಕ ಶೀರ್ಷಿಕೆಗೆ ಬರುತ್ತದೆ ಎಂದರು.